ಆಯ್ತು ಅಂದ ಮೇಲಿನ ಫೋಟೊ

ಆ ಫೋಟೊ ಸ್ಟುಡಿಯೊದ ಗೋಡೆಯ ಮೇಲಿದ್ದದ್ದು ಹದಿನಾರು ದಿನ. ಒಳಗೆ ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಅದನ್ನೇ. ಆಳೆತ್ತರದಲ್ಲಿ ತೂಗುಹಾಕಿದ್ದ ಬಂಗಾರದ ಬಣ್ಣದ ಚೌಕಟ್ಟು, ಅದರೊಳಗೆ ನಮ್ಮ ದೊಡ್ಡಮ್ಮ. ಬಾಯ್ತುಂಬ ನಗು. ಎರಡು ಕೆನ್ನೆಗಳೂ ಸಮಸಮನಾಗಿ ಉಬ್ಬಿದ್ದವು, ತುಟಿಯ ಎರಡು ಮೂಲೆಗಳೂ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಒಂದೇ ಎತ್ತರಕ್ಕೆ ಏರಿದ್ದವು. ಬಂದವರು ಅದನ್ನು ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿ ನಗ್ತಿದ್ದಾರೆ! ಪೂರ್ತಿ ಹುಷಾರಾಗಿಬಿಟ್ರಲ್ಲ!" ಎನ್ನುತ್ತಿದ್ದರು. ಅದೇ ಫೋಟೊದ ಕೆಳಗೆ, ಒಂದು ಮೊಳ ದೂರದಲ್ಲಿ, ಕುರ್ಚಿಯಲ್ಲಿ ಕೂತಿದ್ದ ದೊಡ್ಡಮ್ಮನ ಕಡೆಗೆ ಮಾತ್ರ ಯಾರೂ ತಲೆ ತಗ್ಗಿಸುತ್ತಿರಲಿಲ್ಲ. ತಗ್ಗಿಸಿದ್ದರೆ ಕಾಣುತ್ತಿತ್ತು: ಎಡಗೆನ್ನೆಯಲ್ಲಿ ಕಡಲೆಕಾಳಿನಷ್ಟು ದಪ್ಪ ಮಚ್ಚೆ, ಆ ಕಡೆ ಎಲ್ಲ ಸರಿಯಾಗಿದೆ, ಬಲಗಡೆ ಮಾತ್ರ ಕೆನ್ನೆ, ತುಟಿ ಎಲ್ಲ ಜೋತುಬಿದ್ದಿವೆ, ಮಡಚಲು ಮರೆತ ಪರದೆಯ ಹಾಗೆ.

ಫೋಟೊದಲ್ಲಿದ್ದ ನಗುವಿನಲ್ಲಿ ಅರ್ಧ ಮಾತ್ರ ದೊಡ್ಡಮ್ಮನದು. ಇನ್ನರ್ಧ ಚಿಕ್ಕ ಮಾವ ಮಾಡಿದ್ದು.

ನಮ್ಮದು ಫೋಟೊದವರ ಮನೆತನ. ತಾತ ಇಟ್ಟ ಸ್ಟುಡಿಯೊ, ಮಾರುಕಟ್ಟೆ ಕಟ್ಟಡದ ಹಿಂಭಾಗದಲ್ಲಿ ಹನ್ನೊಂದನೇ ಮಳಿಗೆ. ತಾತನ ನಂತರ ಅದರ ಪರವಾನಗಿ ಬಂದದ್ದು ಹಿರಿಯವಳಾದ ದೊಡ್ಡಮ್ಮನ ಹೆಸರಿಗೆ. ಮದುವೆಯಾಗದೆ, ಸ್ಟುಡಿಯೊದ ಹಿಂದಿನ ಕೋಣೆಯಲ್ಲೇ ಒಲೆ, ಮಂಚ ಇಟ್ಟುಕೊಂಡು ಮೂವತ್ತೊಂದು ವರ್ಷ ನಡೆಸಿದವಳು. ಅವಳ ಮೊದಲ ತಮ್ಮ, ಅಂದರೆ ದೊಡ್ಡ ಮಾವ, ಫೋನಿನ ಕವರು ಮಾರುತ್ತಾರೆ. ಎರಡನೆಯ ತಮ್ಮ ಚಿಕ್ಕ ಮಾವ ಸ್ಟುಡಿಯೊದಲ್ಲೇ ಕಂಪ್ಯೂಟರಿನ ಮುಂದೆ ಕೂತು ಟಚಿಂಗ್ ಮಾಡುತ್ತಾನೆ. ಟಚಿಂಗ್ ಎಂದರೆ ಬಂದವರ ಮೊಡವೆ ಅಳಿಸುವುದು, ಕಣ್ಣಿನ ಕೆಳಗಿನ ಕಪ್ಪು ತೆಗೆಯುವುದು, ಮುಚ್ಚಿದ ಕಣ್ಣನ್ನು ಇನ್ನೊಂದು ಫೋಟೊದಿಂದ ತಂದು ತೆರೆಸುವುದು. ಇಪ್ಪತ್ತು ವರ್ಷ ಇದನ್ನೇ ಮಾಡಿ ಅವನಿಗೆ ಮನುಷ್ಯರ ಮುಖವೆಂದರೆ ತಿದ್ದುವುದಕ್ಕೆ ಕೊಟ್ಟ ಪರೀಕ್ಷೆಯ ಉತ್ತರಪತ್ರಿಕೆ ಎಂದು ಅನ್ನಿಸಿಬಿಟ್ಟಿದೆ.

ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿದಾಗ ನನ್ನ ಪದವಿ ಮುಗಿದು ಎರಡು ತಿಂಗಳಾಗಿತ್ತು, ಕೆಲಸ ಸಿಕ್ಕಿರಲಿಲ್ಲ. "ಹೇಗೂ ಮನೇಲಿ ಗೋಡೆ ನೋಡ್ಕೊಂಡು ಕೂತಿರ್ತೀಯ, ಅಲ್ಲಿ ಹೋಗಿ ದೊಡ್ಡಮ್ಮನ್ನ ನೋಡ್ಕೊ" ಎಂದು ಅಮ್ಮ ಕಳಿಸಿದಳು. ನಾನು ಓದಿದ್ದು ಮನಶ್ಶಾಸ್ತ್ರ. ಮಾತಾಡುವುದು ಕಡಿಮೆ, ಬರೆದಿಡುವುದು ಹೆಚ್ಚು. ಅದಕ್ಕೆ ಮಾವಂದಿರು ನನಗಿಟ್ಟ ಹೆಸರು 'ಡೈರಿ'. "ಏನೇ ಡೈರಿ, ಇವತ್ತು ಎಷ್ಟು ಪುಟ?" ಎಂದು ಕೇಳುವುದು ಅವರಿಗೆ ಐದು ತಿಂಗಳಿಂದ ಹಳೆಯದಾಗದ ಜೋಕು.

ಕಾಯಿಲೆ ದೊಡ್ಡಮ್ಮನ ಬಲಗೈ, ಬಲಗಾಲು, ಬಲಮುಖ ಮತ್ತು ಮಾತನ್ನು ಕಸಿದುಕೊಂಡು ಒಂದೇ ಒಂದು ಪದವನ್ನು ಬಿಟ್ಟುಹೋಗಿತ್ತು. ಆ ಪದ 'ಹೂಂ'. ಟೀ ಬೇಕಾ ಎಂದರೆ ಹೂಂ. ಬೇಡವಾ ಎಂದರೂ ಹೂಂ. ನಾವು ಹೇಳುವುದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಆದರೆ ಒಳಗೆ ಯಾವ ಉತ್ತರ ಹೊರಟರೂ ಬಾಯಿಗೆ ಬರುವಷ್ಟರಲ್ಲಿ ಹೂಂ ಆಗಿಬಿಡುತ್ತಿತ್ತು. ತಲೆಯಾಡಿಸುವುದೂ ಹಾಗೇ. ಬೇಡ ಎನ್ನಲು ಹೊರಟ ತಲೆ ಅರ್ಧ ದಾರಿಯಲ್ಲಿ ಹೌದಿನ ಕಡೆ ತಿರುಗಿ, ಅವಳೇ ಸಿಟ್ಟಾಗಿ ತೊಡೆ ಗುದ್ದಿಕೊಳ್ಳುತ್ತಿದ್ದಳು. ಎಡಗೈಯಲ್ಲಿ ಪೆನ್ನು ಕೊಟ್ಟರೆ ಗೆರೆ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ.

ಇಂಥ ಅಕ್ಕ ಸಿಕ್ಕರೆ ಯಾವ ತಮ್ಮ ಬಿಡುತ್ತಾನೆ?

ಒಂದು ಭಾನುವಾರ ದೊಡ್ಡ ಮಾವ ಅತ್ತೆಯನ್ನು ಕರೆದುಕೊಂಡು ಬಂದರು. ಅತ್ತೆ ಫೋನು ಹಿಡಿದು ವಿಡಿಯೊ ತೆಗೆಯುತ್ತಾ ನಿಂತರು. ದೊಡ್ಡ ಮಾವ ಮೊಣಕಾಲೂರಿ, ದೊಡ್ಡಮ್ಮನ ಎಡಗೈ ಹಿಡಿದುಕೊಂಡು, ನಾಟಕದಲ್ಲಿ ಪಾತ್ರ ಸಿಗದೆ ಉಳಿದವರ ಧ್ವನಿಯಲ್ಲಿ ಹೇಳಿದರು: "ಅಕ್ಕಾ, ನಿನಗಿನ್ನು ಈ ಕಷ್ಟ ಯಾಕೆ? ಪರವಾನಗಿ ನನ್ನ ಹೆಸರಿಗೆ ಮಾಡಿಕೊಡು. ಇಲ್ಲಿ ಕವರಿನಂಗಡಿ ಇಡ್ತೀನಿ. ನೀನು ನಮ್ಮನೆ ಮಹಡಿ ಮೇಲೆ ಆರಾಮಾಗಿರು. ಒಪ್ಪಿಗೆನಾ?"

"ಹೂಂ" ಎಂದಳು ದೊಡ್ಡಮ್ಮ. ಎಡತುಟಿಯ ಮೂಲೆ ಮೇಲಕ್ಕೆ ಹೋಗಿ ಇಳಿಯಿತು.

"ಹೂಂ ಅಂದ್ಳು! ನಕ್ಕಳು ಕೂಡ! ನೋಡಿದ್ರಾ?" ಅತ್ತೆ ಕುಣಿಯುವುದೊಂದು ಬಾಕಿ.

ಮಹಡಿ ಮೇಲಿನ ಆ ಕೋಣೆಯನ್ನು ನಾನು ಬಲ್ಲೆ. ಖಾಲಿ ರಟ್ಟಿನ ಪೆಟ್ಟಿಗೆ ಇಡುವ ಜಾಗ. ಇಪ್ಪತ್ತೆರಡು ಮೆಟ್ಟಿಲು, ಕೈಹಿಡಿ ಇಲ್ಲ. ಒಮ್ಮೆ ಹತ್ತಿಸಿದರೆ ದೊಡ್ಡಮ್ಮ ತಾನಾಗಿ ಇಳಿಯುವ ಮಾತಿಲ್ಲ.

ಆ ವಿಡಿಯೊದಿಂದ ಚಿಕ್ಕ ಮಾವ ಒಂದು ಕ್ಷಣವನ್ನು ಕತ್ತರಿಸಿ ತೆಗೆದ. ತುಟಿ ಏರಿದ ಕ್ಷಣ. ಅರ್ಧ ಮುಖ ನಗು, ಅರ್ಧ ಮುಖ ಸೊಟ್ಟ. ಕೈ ಸುಮ್ಮನಿರಲಿಲ್ಲ. ಚೆನ್ನಾಗಿದ್ದ ಎಡಭಾಗವನ್ನು ತಿರುಗಿಸಿ ಬಲಭಾಗದ ಮೇಲೆ ಅಂಟಿಸಿದ. ಅವನಲ್ಲಿ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುವುದಿಲ್ಲ, ಅಷ್ಟು ದೊಡ್ಡ ಮನುಷ್ಯ ಅವನಲ್ಲ. ಅದು ಕಸುಬಿನ ಚಾಳಿ. ತೆಗೆದುಕೊಂಡು ಹೋಗಿ ದೊಡ್ಡದಾಗಿ ಅಚ್ಚು ಹಾಕಿಸಿ ಚೌಕಟ್ಟು ಕಟ್ಟಿಸಿದ. ಗೋಡೆಗೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಾಗ ಅವನ ಕಣ್ಣಲ್ಲಿ ನೀರು. "ಅಕ್ಕ ಎಷ್ಟು ಖುಷಿಯಾಗಿದ್ದಾಳೆ ನೋಡೇ ಡೈರಿ" ಎಂದ.

ತಾನೇ ಅಂಟಿಸಿದ ನಗುವನ್ನು ನೋಡಿ ತಾನೇ ಕರಗಿದವನಿಗೆ ಏನು ಹೇಳುವುದು? ನಾನು ಒಳಗೆ ಹೋಗಿ ಡೈರಿ ತೆಗೆದೆ.

ನಾನೂ ಕಡಿಮೆಯವಳಲ್ಲ, ಅದನ್ನೂ ಬರೆದುಬಿಡಬೇಕು. ಮುಖದ ಮೇಲಿನ ಭಾವಗಳ ಬಗ್ಗೆ ಪರೀಕ್ಷೆಗೆ ಓದಿದ್ದೆ. ಎರಡೂ ಮೂಲೆ ಏರಿದರೆ ಸಂತೋಷ, ಒಂದೇ ಮೂಲೆ ಏರಿದರೆ ತಿರಸ್ಕಾರ, ಎಂಟು ಅಂಕ. ದೊಡ್ಡಮ್ಮನ ತುಟಿಯ ಒಂದೇ ಮೂಲೆ ಏರುವುದನ್ನು ನೋಡಿ, "ದೊಡ್ಡಮ್ಮ ಇವರೆಲ್ಲರನ್ನೂ ಕಸದಂತೆ ಕಾಣುತ್ತಿದ್ದಾಳೆ" ಎಂದು ಡೈರಿಯಲ್ಲಿ ಬರೆದು, ಎರಡು ಸಲ ಓದಿ ಖುಷಿಪಟ್ಟಿದ್ದೆ. ದೊಡ್ಡ ಮಾವನಿಗೆ ಬೇಕಾದದ್ದು ದೊಡ್ಡ ಮಾವನಿಗೆ ಕಂಡಿತ್ತು, ನನಗೆ ಬೇಕಾದದ್ದು ನನಗೆ.

ನನ್ನ ಎಂಟು ಅಂಕ ಕಳೆದವಳು ವ್ಯಾಯಾಮ ಮಾಡಿಸಲು ವಾರಕ್ಕೆ ಮೂರು ಸಲ ಬರುತ್ತಿದ್ದ ಫಿಸಿಯೊ ಅಕ್ಕ. ದಪ್ಪಗಿನ, ಜೋರು ಬಾಯಿಯ ಹೆಂಗಸು. ನಾನು ಸಂಕೋಚದಿಂದ ನನ್ನ ಸಿದ್ಧಾಂತ ಹೇಳಿದಾಗ ಅವಳು ಸೊಂಟಕ್ಕೆ ಕೈಕೊಟ್ಟು ನಕ್ಕಳು.

"ಏನಮ್ಮ ಪದವೀಧರೆ, ಅವರ ಬಲಗಡೆ ಏಳೋದೇ ಇಲ್ವಲ್ಲ, ಇನ್ನೇನು ಎರಡು ಕಡೆ ನಗ್ತಾರಾ? ನಾನು ನಗಿ ಅಂದ್ರೂ ಅಷ್ಟೇ ಬರೋದು. ನೋಡು. ಅಮ್ಮಾ, ನಗಿ!"

ದೊಡ್ಡಮ್ಮ ನಕ್ಕಳು. ಅರ್ಧ.

"ನೋಡಿದ್ಯಾ? ನಾನೇನು ಕಸಾನಾ?" ಎನ್ನುತ್ತಾ ಅವಳು ದೊಡ್ಡಮ್ಮನ ಕಾಲು ಎತ್ತಿಸಲು ಬಗ್ಗಿ ಹಿಂದೆ ಸರಿದಳು. ಹಿಂದೆ ದೀಪದ ಛತ್ರಿ ನಿಂತಿತ್ತು. ಬೆಳಕು ಹರಡಲು ಇಟ್ಟ ಬಿಳಿ ಛತ್ರಿ ಅದು, ದೊಡ್ಡಮ್ಮನಷ್ಟೇ ಹಳೆಯದು. ಫಿಸಿಯೊ ಅಕ್ಕನ ಹಿಂಭಾಗ ತಗುಲಿದ್ದೇ ತಡ, ಛತ್ರಿ ಬಂದು ಅವಳ ತಲೆಯ ಮೇಲೆ ಟೋಪಿಯಂತೆ ಕೂತು ಮುಚ್ಚಿಕೊಂಡಿತು. ಒಳಗಿಂದ "ಅಯ್ಯಯ್ಯೋ, ಯಾರದು!" ಎಂಬ ಕೂಗು.

ಆಗ ದೊಡ್ಡಮ್ಮ ನಕ್ಕಳು. ನಾನು ಛತ್ರಿಯನ್ನು ಬಿಟ್ಟು ಅವಳನ್ನೇ ನೋಡುತ್ತಾ ನಿಂತುಬಿಟ್ಟೆ. ಐದು ತಿಂಗಳಿಂದ ಅಲ್ಲಾಡದೆ ಬಿದ್ದಿದ್ದ ಬಲತುಟಿಯ ಮೂಲೆ ಎದ್ದಿತ್ತು. ಎಡಗಡೆಯಷ್ಟು ಅಲ್ಲ, ಕೊಂಚ ತಡವಾಗಿ, ನಿದ್ದೆಯಿಂದ ಎದ್ದು ಬಂದವರ ಹಾಗೆ. ಆದರೆ ಎದ್ದಿತ್ತು. ಆಮೇಲೆ ಅಷ್ಟೇ ನಿಧಾನವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಇಳಿಯಿತು.

ಛತ್ರಿಯಿಂದ ಹೊರಬಂದ ಫಿಸಿಯೊ ಅಕ್ಕ ತಲೆಗೂದಲು ಸರಿಮಾಡಿಕೊಂಡಳು. "ಕೆಲವರಿಗೆ ಹೀಗಾಗತ್ತೆ. ಬೇಕು ಅಂತ ನಗೋಕೆ ತಲೇಲಿ ಒಂದು ದಾರಿ, ತಾನಾಗಿ ಬರೋ ನಗುಗೆ ಬೇರೆ ದಾರಿ. ಇವರಿಗೆ ಕೆಟ್ಟಿರೋದು ಮೊದಲ್ನೇದು. ಬರ್ಕೊ ನಿನ್ನ ಪುಸ್ತಕದಲ್ಲಿ. ನನ್ನ ತಲೆ ಮೇಲೆ ಬಿದ್ದಿದ್ದು ಬರೀಬೇಡ."

ಎರಡನ್ನೂ ಬರೆದೆ. ಮರುದಿನದಿಂದ ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ದೊಡ್ಡಮ್ಮನ ಮುಖದ ತುಣುಕುಗಳನ್ನು ತೆಗೆಯತೊಡಗಿದೆ. ನಮಗೆ ಉತ್ತರ ಗೊತ್ತಿರುವ ಸಂದರ್ಭಗಳು ಮಾತ್ರ. ಕಹಿ ಔಷಧಿ ಕುಡಿಸಿದಾಗ. ಮೆತ್ತಗೆ ಬೆಂದ ಅನ್ನ ಮೂರನೇ ದಿನವೂ ಬಡಿಸಿದಾಗ. ಹಳೇ ಗಿರಾಕಿಯೊಬ್ಬರು ಮಗಳನ್ನು ಕರೆತಂದು "ಇವಳ ತೊಟ್ಟಿಲಿನ ಫೋಟೊ ನೀವೇ ತೆಗೆದಿದ್ದು" ಎಂದಾಗ. ದೊಡ್ಡ ಮಾವ ಬಂದು ಪರವಾನಗಿಯ ಅರ್ಜಿಯ ಮಾತೆತ್ತಿದಾಗ. ಅವಳ ಹುಬ್ಬುಗಳಿಗೆ ಏನೂ ಆಗಿರಲಿಲ್ಲ, ಎರಡೂ ಚುರುಕಾಗಿ ಓಡಾಡುತ್ತಿದ್ದವು. ಇಪ್ಪತ್ತಾರು ತುಣುಕು ಸೇರುವಷ್ಟರಲ್ಲಿ ನನಗೆ ಒಂದು ವಿಷಯ ಕಾಣುವಂತಾಯಿತು. ಬರೀ ಹೂಂ ಜೊತೆ ಬರುವ ಅರ್ಧ ನಗು ಗಿರಾಕಿಗಳಿಗೆ ಅವಳು ಮೂವತ್ತೊಂದು ವರ್ಷ ಕೊಟ್ಟ ನಗು. ಟಕ್ಕನೆ ಬಂದು ಟಕ್ಕನೆ ಇಳಿಯುತ್ತದೆ, ಹುಬ್ಬು ಅದಕ್ಕೆ ಸಹಿ ಹಾಕುವುದಿಲ್ಲ. ನಿಜಕ್ಕೂ ಒಳಗಿನಿಂದ ನಗು ಬಂದ ಕಡೆ ಬಲಮೂಲೆ ಒಂದಿಷ್ಟಾದರೂ ಏಳುತ್ತದೆ. ದೊಡ್ಡ ಮಾವನ ಅರ್ಜಿಯ ನಾಲ್ಕು ತುಣುಕಿನಲ್ಲೂ ಬಲಮೂಲೆ ಸತ್ತಹಾಗೆ ಬಿದ್ದಿತ್ತು, ಹುಬ್ಬುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು.

ನಿಲ್ಲಿಸಿ ನೋಡಿದರೆ ಇದೇನೂ ಕಾಣುತ್ತಿರಲಿಲ್ಲ. ಓಡುವಾಗ ಮಾತ್ರ ಕಾಣುತ್ತಿತ್ತು. ನಮ್ಮ ಮನೆಯವರ ಪಾಲಿಗೆ ಅದೇ ತೊಡಕು. ಎರಡು ತಲೆಮಾರು "ಅಲ್ಲಾಡಬೇಡಿ" ಎಂದು ಹೇಳಿ ಬದುಕಿದವರು ಅವರು.

ದೊಡ್ಡಮ್ಮ ಮಾತ್ರ ಹಾಗಿರಲಿಲ್ಲ. ಅವಳದೊಂದು ಅಭ್ಯಾಸವಿತ್ತು, ನಾನು ಚಿಕ್ಕವಳಿದ್ದಾಗಿಂದ ನೋಡಿದ್ದೆ. ಮೊದಲ ಫೋಟೊ ತೆಗೆದು "ಆಯ್ತು" ಎನ್ನುತ್ತಿದ್ದಳು. ಗಿರಾಕಿಗಳು ಉಸಿರು ಬಿಟ್ಟು, ಹಿಡಿದಿಟ್ಟ ಮುಖವನ್ನು ಕೆಳಗಿಳಿಸುತ್ತಿದ್ದ ಹಾಗೇ ಇನ್ನೊಂದು ತೆಗೆಯುತ್ತಿದ್ದಳು. ಮೊದಲನೆಯದು ಅವರಿಗೆ. ಎರಡನೆಯದು ತಗಡಿನ ಡಬ್ಬಕ್ಕೆ. "ಇವರು ಬಂದಿದ್ದು ಈಗ" ಎನ್ನುತ್ತಿದ್ದಳು. ಹಿಂದಿನ ಕೋಣೆಯ ಮಂಚದ ಕೆಳಗೆ ಅಂಥ ಡಬ್ಬಗಳು ಒಂಬತ್ತಿದ್ದವು. ಚಿಕ್ಕ ಮಾವ ಅವನ್ನು 'ಕೆಟ್ಟುಹೋದವು' ಎಂದೇ ಕರೆಯುತ್ತಿದ್ದ.

ಅತ್ತೆ ವಿಡಿಯೊ ತೆಗೆದ ಎರಡು ವಾರಕ್ಕೆ, ಭಾನುವಾರ, ಮತ್ತೆ ಎಲ್ಲರೂ ಸೇರಿದರು. ಗುರುವಾರ ಮಾರುಕಟ್ಟೆ ಕಚೇರಿಯಿಂದ ಮೇಡಮ್ ಬರುವವರಿದ್ದರು. ಪರವಾನಗಿ ಬೇರೆಯವರಿಗೆ ಹೋಗಬೇಕಾದರೆ, ಇರುವವರಿಗೆ ಕೆಲಸ ಮಾಡಲು ಆಗುವುದಿಲ್ಲವೆಂದೂ, ಇಷ್ಟಪಟ್ಟು ಬಿಟ್ಟುಕೊಡುತ್ತಿದ್ದಾರೆಂದೂ ಅಧಿಕಾರಿಯೊಬ್ಬರು ಖುದ್ದಾಗಿ ನೋಡಿ ಬರೆಯಬೇಕು. ಅಷ್ಟೇ ಉಳಿದಿದ್ದದ್ದು.

ನಾನು ಗಂಟಲು ಸರಿಮಾಡಿಕೊಂಡೆ. ಮೂರು ಸಲ. ಕೊನೆಗೆ, "ಒಂದು ವಿಡಿಯೊ ತೋರಿಸ್ಲಾ?" ಎಂದೆ.

"ಓಹೋ, ಡೈರಿ ಮಾತಾಡ್ತು!" ಎಂದರು ದೊಡ್ಡ ಮಾವ.

ಕಂಪ್ಯೂಟರಿನಲ್ಲಿ ಸದ್ದಿಲ್ಲದೆ ಆರು ತುಣುಕು ಹಾಕಿದೆ. "ದೊಡ್ಡಮ್ಮನಿಗೆ ಇಲ್ಲಿ ಏನನ್ನಿಸ್ತಿದೆ, ಹೇಳಿ" ಎಂದೆ.

ಮೊದಲನೆಯದು ಕಹಿ ಔಷಧಿ. "ಯಾರೋ ಜೋಕು ಹೇಳಿದ್ದಾರೆ" ಎಂದರು ಅತ್ತೆ, ಬಹಳ ನಂಬಿಕೆಯಿಂದ. ಎರಡನೆಯದು ಗಿರಾಕಿಯ ಮಗಳು. ಬಲಮೂಲೆ ಎಲ್ಲಕ್ಕಿಂತ ಚೆನ್ನಾಗಿ ಎದ್ದ ತುಣುಕು ಅದು. "ಇಲ್ಲಿ ಸ್ವಲ್ಪ ಹೊಟ್ಟೆನೋವು ಅನ್ಸತ್ತೆ. ಮುಖ ಸೊಟ್ಟ ಮಾಡಿದ್ದಾಳೆ" ಎಂದರು ದೊಡ್ಡ ಮಾವ. ಮೂರನೆಯದು, ಅವರೇ ಅರ್ಜಿ ಹಿಡಿದು ಎದುರು ನಿಂತಾಗಿನದು. ಚಿಕ್ಕ ಮಾವ ಕುರ್ಚಿಯಿಂದ ಮುಂದಕ್ಕೆ ಬಗ್ಗಿ ನೋಡಿದ.

"ಯಾರೋ ಮನೆಯೋರು ಬಂದಿದ್ದಾರೆ. ಪ್ರೀತಿ ಅದು. ಕರುಳಿನ ಪ್ರೀತಿ."

"ಪ್ರೀತಿನೇ, ಇನ್ನೇನು" ಎಂದು ಅತ್ತೆ ದನಿಗೂಡಿಸಿದರು.

ಆರಕ್ಕೆ ಆರೂ ತಪ್ಪು. ಕಣ್ಣು ಮುಚ್ಚಿಕೊಂಡು ಹೇಳಿದ್ದರೂ ಎರಡಾದರೂ ಸರಿಯಾಗುತ್ತಿತ್ತು. ಯಾವುದು ಯಾವುದೆಂದು ನಾನು ಹೇಳತೊಡಗಿದೆ. ನಾಲ್ಕನೆಯ ವಾಕ್ಯಕ್ಕೆ ನನ್ನ ದನಿ ಎಲ್ಲೋ ಇಳಿದುಹೋಯಿತು. ದೊಡ್ಡ ಮಾವ ಎದ್ದರು.

"ಅಲ್ಲ ಕಣೇ, ನಲವತ್ತೊಂಬತ್ತು ವರ್ಷ ಒಟ್ಟಿಗೆ ಬೆಳೆದಿರೋ ನನಗೆ ನನ್ನ ಅಕ್ಕನ ಮುಖ ಓದೋಕೆ ಬರಲ್ವಾ? ಇದು ನಿನ್ನ ಕಾಲೇಜಲ್ಲ. ತುಟಿ ಎಲ್ಲಿ, ಹುಬ್ಬೆಲ್ಲಿ ಅಂತ ಅಳೆಯೋಕೆ ಅವಳೇನು ಕಪ್ಪೆನಾ?"

"ಟಚಿಂಗ್ ಇಲ್ದೆ ತೋರಿಸಿದ್ರೆ ಯಾರಿಗೆ ತಾನೆ ಗೊತ್ತಾಗತ್ತೆ?" ಎಂದ ಚಿಕ್ಕ ಮಾವ. ತಮಾಷೆಗಲ್ಲ. ಅವನು ತಮಾಷೆ ಮಾಡಿದ್ದನ್ನು ನಾನು ನೋಡಿಲ್ಲ.

ದೊಡ್ಡಮ್ಮ ಇಷ್ಟೂ ಹೊತ್ತು ಪರದೆಯನ್ನು ನೋಡುತ್ತಿರಲಿಲ್ಲ. ನೋಡುವವರನ್ನು ನೋಡುತ್ತಿದ್ದಳು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯ ಮೇಡಮ್ ಬಂದರು. ನಲವತ್ತರ ಆಸುಪಾಸು, ಕೂದಲು ಬಿಗಿದು ಕಟ್ಟಿ, ಕಂಕುಳಲ್ಲಿ ಕಡತ. ದಿನವಿಡೀ ಅರ್ಜಿಗೆ ಅಂಟಿಸಿದ ಫೋಟೊವನ್ನೂ ಎದುರು ನಿಂತ ಮನುಷ್ಯನನ್ನೂ ತಾಳೆ ನೋಡುವ ಕೆಲಸ ಅವರದು. ಆ ಬೇಸರ ಕಣ್ಣಲ್ಲೇ ಕೂತಿತ್ತು. ಅತ್ತೆ ಟೀ ತಂದಿಟ್ಟರು. ದೊಡ್ಡ ಮಾವ ಇಸ್ತ್ರಿಯ ಅಂಗಿ ಹಾಕಿ, ಮುಖಕ್ಕೂ ಇಸ್ತ್ರಿ ಮಾಡಿಸಿಕೊಂಡಂತೆ ನಿಂತಿದ್ದರು.

ಮೇಡಮ್ ದೊಡ್ಡಮ್ಮನ ಎದುರಿನ ಸ್ಟೂಲಿನಲ್ಲಿ ಕೂತರು. "ಅಮ್ಮ, ಈ ಮಳಿಗೆ ನಿಮ್ಮ ತಮ್ಮನಿಗೆ ಬಿಟ್ಟುಕೊಡ್ತಿದ್ದೀರಾ?"

"ಹೂಂ."

"ನಿಮ್ಮ ಇಷ್ಟದಿಂದಲೇ?"

"ಹೂಂ." ಎಡಮೂಲೆ ಏರಿತು, ಇಳಿಯಿತು.

"ನೋಡಿ, ಮುಖದಲ್ಲೇ ಕಾಣತ್ತೆ ಮೇಡಮ್, ಎಷ್ಟು ಸಮಾಧಾನ!" ಎಂದರು ದೊಡ್ಡ ಮಾವ.

ಮೇಡಮ್ ಪೆನ್ನಿನ ಮುಚ್ಚಳ ತೆಗೆದರು. ಇಪ್ಪತ್ತೆರಡು ಮೆಟ್ಟಿಲು ಕಣ್ಣಮುಂದೆ ಬಂದವು. ನಾನು ಕೋಣೆಯ ಬಾಗಿಲಿನ ಚೌಕಟ್ಟು ಹಿಡಿದುಕೊಂಡು, "ಮೇಡಮ್, ಅವರು ಆನೆನಾ ಅಂತ ಕೇಳಿ" ಎಂದೆ.

"ಏನು?"

"ಆನೆ."

ದೊಡ್ಡ ಮಾವ ನನ್ನನ್ನು ನುಂಗುವಂತೆ ನೋಡಿದರು. ಮೇಡಮ್ ಕೇಳುವ ಲಕ್ಷಣ ಕಾಣಲಿಲ್ಲ. ನಾನೇ ಹೋಗಿ ದೊಡ್ಡಮ್ಮನ ಮುಂದೆ ಕೂತೆ. "ದೊಡ್ಡಮ್ಮಾ, ನೀನು ಆನೆನಾ?"

"ಹೂಂ."

"ಈ ಸ್ಟುಡಿಯೊ ನಿನಗೇ ಬೇಕಾ?"

"ಹೂಂ."

"ತಮಾಷೆಗೆ ಅಂದ್ಳು ಮೇಡಮ್, ಮೊದಲಿಂದ ತುಂಬಾ ತಮಾಷೆ ಅವಳದು" ಎಂದು ಅತ್ತೆ ನಕ್ಕರು. ಜೊತೆಗೆ ನಗಲು ಯಾರೂ ಸಿಗಲಿಲ್ಲ.

ಮೇಡಮ್ ಪೆನ್ನಿನ ಮುಚ್ಚಳ ಹಾಕಿದರು. "ಹಾಗಾದ್ರೆ ಇವರ ಹೂಂ ಇಟ್ಕೊಂಡು ನಾನು ಏನೂ ಬರೆಯೋ ಹಾಗಿಲ್ಲ."

"ಹೂಂ ಬಿಡಿ ಮೇಡಮ್, ಮುಖ ನೋಡಿ! ಅದೋ, ಒಪ್ಪಿಗೆ ಕೊಟ್ಟ ದಿನದ ಫೋಟೊ. ಬಲವಂತದಿಂದ ಕೊಟ್ಟೋರು ಹೀಗೆ ನಗ್ತಾರಾ?" ದೊಡ್ಡ ಮಾವ ಗೋಡೆಯತ್ತ ಕೈ ಚಾಚಿದರು.

ಮೇಡಮ್ ಫೋಟೊ ನೋಡಿದರು. ದೊಡ್ಡಮ್ಮನನ್ನು ನೋಡಿದರು. ಮತ್ತೆ ಫೋಟೊ. ಕಚೇರಿಯಲ್ಲಿ ದಿನಕ್ಕೆ ನೂರು ಸಲ ಮಾಡುವ ಕೆಲಸ, ಯೋಚನೆಯಿಲ್ಲದೆ ಮಾಡಿದರು.

"ಇವರಿಗೆ ಮಚ್ಚೆ ಒಂದೇ ಕಡೆ ಇದೆಯಲ್ಲ?" ಎಂದರು.

ನಾವೆಲ್ಲ ಗೋಡೆಗೆ ತಲೆಯೆತ್ತಿದೆವು. ಫೋಟೊದಲ್ಲಿ ಎಡಗೆನ್ನೆಯ ಮೇಲೊಂದು ಮಚ್ಚೆ, ಬಲಗೆನ್ನೆಯ ಮೇಲೊಂದು ಮಚ್ಚೆ. ಅದೇ ಗಾತ್ರ, ಅದೇ ಎತ್ತರ. ಹದಿನಾರು ದಿನ ಊರಿನವರೆಲ್ಲ ನೋಡಿದ್ದರು, ಅಂಟಿಸಿದವನು ನೋಡಿ ಕಣ್ಣೀರಿಟ್ಟಿದ್ದ. ಹುಬ್ಬಿನ ಓಡಾಟವನ್ನು ಲೆಕ್ಕ ಹಾಕುತ್ತಿದ್ದ ನಾನೂ ದಿನಕ್ಕೆ ಹತ್ತು ಸಲ ಅದರ ಕೆಳಗೇ ಹಾದುಹೋಗಿದ್ದೆ. ಒಬ್ಬರಿಗೂ ಕಂಡಿರಲಿಲ್ಲ. ನಗು ಇದೆ ಎಂದ ಮೇಲೆ ನಮ್ಮ ಜನ ಇನ್ನೇನನ್ನೂ ನೋಡುವುದಿಲ್ಲ.

"ಅದು... ಸ್ವಲ್ಪ ಟಚಿಂಗ್" ಎಂದ ಚಿಕ್ಕ ಮಾವ.

"ಒಂದು ಮಚ್ಚೆ ಹೆಚ್ಚಾದ್ರೆ ಏನೀಗ ಮೇಡಮ್?" ದೊಡ್ಡ ಮಾವನ ದನಿ ಏರಿತು. ಮರುಕ್ಷಣವೇ ಇಸ್ತ್ರಿ ನೆನಪಾಗಿ ಇಳಿಯಿತು. "ಹೋಗ್ಲಿ, ಅದು ಬೇಡ. ಈಗಲೇ ನಿಮ್ಮೆದುರೇ ಎಲ್ರೂ ಸೇರಿ ಒಂದು ತೆಗೆಸ್ಕೋತೀವಿ. ಟಚಿಂಗ್ ಇಲ್ಲ, ಏನಿಲ್ಲ. ಅಕ್ಕ ನಗ್ತಾಳೋ ಇಲ್ವೋ ನೀವೇ ನೋಡಿ. ಬಾರೇ ಡೈರಿ, ನೀನೂ ನಿಂತ್ಕೊ."

ನೀಲಿ ಪರದೆಯ ಮುಂದೆ ಕುರ್ಚಿ ಎಳೆದು ದೊಡ್ಡಮ್ಮನನ್ನು ನಡುವೆ ಕೂರಿಸಿದರು. ಒಂದು ಪಕ್ಕ ದೊಡ್ಡ ಮಾವ, ಇನ್ನೊಂದು ಪಕ್ಕ ಅತ್ತೆ, ತುದಿಯಲ್ಲಿ ನಾನು. ಚಿಕ್ಕ ಮಾವ ಕ್ಯಾಮೆರಾದ ಹಿಂದೆ ಹೋಗಿ ನಿಂತ.

ದೊಡ್ಡಮ್ಮ ಎದ್ದಳು.

ಎಡಗೈಯಿಂದ ಕೋಲು ಊರಿ, ಬಲಗಾಲನ್ನು ಎಳೆದುಕೊಂಡು, ಕುರ್ಚಿಯಿಂದ ಕ್ಯಾಮೆರಾವರೆಗಿನ ಒಂಬತ್ತು ಹೆಜ್ಜೆ ನಡೆದಳು. ಬೆಳಕಿನಿಂದ ಕತ್ತಲ ಕಡೆಗೆ. ಅಲ್ಲಿ ಕೋಲನ್ನು ಮೇಜಿಗೆ ಒರಗಿಸಿ, ಬಿಡುವಾದ ಕೈಯಿಂದ ಚಿಕ್ಕ ಮಾವನ ಭುಜ ಹಿಡಿದು ಪಕ್ಕಕ್ಕೆ ತಳ್ಳಿದಳು.

"ಅಕ್ಕಾ, ನೀನಲ್ಲಿ ಕೂರಬೇಕು. ಫೋಟೊ ನಿಂದು" ಎಂದ ಅವನು.

"ಹೂಂ" ಎಂದು ಅವನನ್ನು ಇನ್ನೂ ಒಂದಿಷ್ಟು ತಳ್ಳಿದಳು. ಅವನು ಬೆಪ್ಪಾಗಿ ಬಂದು ಖಾಲಿ ಕುರ್ಚಿಯಲ್ಲಿ ಕೂತ.

ಅವಳು ಮೇಜಿಗೆ ಸೊಂಟ ಆನಿಸಿ ನಿಂತು ಕ್ಯಾಮೆರಾದ ಕಿಂಡಿಯಲ್ಲಿ ನೋಡಿದಳು. ಬೆರಳೆತ್ತಿ ಅತ್ತೆಯ ಕಡೆ ತೋರಿಸಿ ಗಲ್ಲ ಇಳಿಸು ಎಂಬಂತೆ ಮಾಡಿದಳು. ಅತ್ತೆ ಇಳಿಸಿದರು. ನನ್ನ ಕಡೆ ತಿರುಗಿ, ಒಳಗೆ ಸರಿ. ಸರಿದೆ. ಕ್ಯಾಮೆರಾದಿಂದ ತೂಗುತ್ತಿದ್ದ ತಂತಿಯ ತುದಿಯ ಗುಂಡಿಯನ್ನು ಎಡಗೈಯಲ್ಲಿ ಹಿಡಿದಳು. ದೊಡ್ಡ ಮಾವ ಹಲ್ಲೆಲ್ಲ ತೋರಿಸಿದರು. ಅತ್ತೆ ತಲೆ ವಾಲಿಸಿದರು. ಕ್ಲಿಕ್.

"ಹೂಂ" ಎಂದಳು ದೊಡ್ಡಮ್ಮ.

ಈ ಹೂಂ ಯಾವುದೆಂದು ಮನೆಯವರೆಲ್ಲರಿಗೂ ಗೊತ್ತಿತ್ತು. ವರ್ಷಗಟ್ಟಲೆ ಕೇಳಿದ್ದ 'ಆಯ್ತು' ಅದು. ನಾಲ್ಕೂ ಜನ ಉಸಿರು ಬಿಟ್ಟೆವು. ನಾಲ್ಕೂ ಮುಖ ಕೆಳಗಿಳಿದವು.

ಕ್ಲಿಕ್.

ಕಂಪ್ಯೂಟರಿನ ಪರದೆಯ ಮೇಲೆ ಎರಡೂ ಪಕ್ಕಪಕ್ಕ ಬಂದವು. ಮೇಡಮ್ ಟೀ ಲೋಟ ಹಿಡಿದು ಬಂದು ನಮ್ಮ ಹಿಂದೆ ನಿಂತರು. ಮೊದಲನೆಯದರಲ್ಲಿ ಯಾವ ಗೋಡೆಗಾದರೂ ಒಪ್ಪುವ ಸುಖೀ ಸಂಸಾರ. ಎರಡನೆಯದರಲ್ಲಿ ದೊಡ್ಡ ಮಾವನ ಹಲ್ಲುಗಳು ಇನ್ನೂ ಒಳಗೆ ಹೋಗಿಲ್ಲ, ಆದರೆ ಕಣ್ಣುಗಳು ಆಗಲೇ ಹೊರಟುಹೋಗಿವೆ. ಮೇಡಮ್‌ರ ಕಡತದ ಮೇಲೆ ಕೂತಿವೆ, ಬೆಕ್ಕಿನ ಕಣ್ಣು ಹಾಲಿನ ಮೇಲೆ ಕೂರುವ ಹಾಗೆ. ಅತ್ತೆ ಗೋಡೆಯಿಂದ ಗೋಡೆಗೆ ಅಳತೆ ತೆಗೆಯುತ್ತಿದ್ದಾರೆ, ಬಹುಶಃ ಕವರು ತೂಗುಹಾಕುವ ಕಂಬಿಗೆ. ಚಿಕ್ಕ ಮಾವ ಅಕ್ಕನ ಕುರ್ಚಿಯಲ್ಲಿ ಕೂತು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದಾನೆ, ಅವು ಯಾರವೋ ಎಂಬಂತೆ. ತುದಿಯಲ್ಲಿ ನಾನು. ನನ್ನನ್ನು ಸಾಧು, ಮೂಕಿ, ಡೈರಿ ಎಂದೆಲ್ಲ ಜನ ಕರೆದಿದ್ದರು, ನಾನೂ ನಂಬಿದ್ದೆ. ಫೋಟೊದ ಹುಡುಗಿ ಮಾವಂದಿರನ್ನು ಓರೆಗಣ್ಣಿಂದ ನೋಡುತ್ತಿದ್ದಳು. ಅವಳ ತುಟಿಯ ಒಂದೇ ಮೂಲೆ ಮೇಲಕ್ಕೇರಿತ್ತು. ಎರಡೂ ಕಡೆ ಚೆನ್ನಾಗಿ ಕೆಲಸ ಮಾಡುವ ಮುಖ ಅದು. ಎಂಟಕ್ಕೆ ಎಂಟು ಅಂಕ.

ದೊಡ್ಡ ಮಾವ ಪರದೆಗೆ ಅಡ್ಡ ನಿಲ್ಲಲು ನೋಡಿದರು. "ಇದು ಕೆಟ್ಟೋಗಿದೆ ಮೇಡಮ್. ಒಂದೊಂದು ಸಲ ಹೀಗೆ ಬರತ್ತೆ."

"ಸರಿ. ಇದನ್ನ ತೆಗೆದಿದ್ದು ಯಾರು?" ಎಂದರು ಮೇಡಮ್.

"ಅಕ್ಕ..."

"ಅರ್ಜೀಲಿ ಏನು ಬರೆದಿದ್ದೀರಿ?" ಮೇಡಮ್ ಲೋಟ ಕೆಳಗಿಟ್ಟು ಕಡತ ತೆರೆದರು, ಕನ್ನಡಕ ಏರಿಸಿ ಓದಿದರು. "'ಸದರಿ ಪರವಾನಗಿದಾರರು ಕಸುಬು ನಡೆಸಲು ಸಂಪೂರ್ಣ ಅಸಮರ್ಥರಾಗಿರುತ್ತಾರೆ.' ಈಗ ತಾನೆ ನಾನೇ ಕಣ್ಣಾರೆ ನೋಡಿದೆ. ಗಲ್ಲ ಇಳಿಸಿ ಅಂತಾನೂ ಹೇಳಿದ್ರು."

"ಅದೇನೋ ಒಂದು ಸಲ ಗುಂಡಿ ಒತ್ತಿದ್ಳು ಅಂತ..."

"ಎರಡು ಸಲ" ಎಂದರು ಮೇಡಮ್. ಅರ್ಜಿಯ ಅಂಚಿನಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು. ನಾನು ಓರೆಗಣ್ಣಲ್ಲೇ ಓದಿದೆ: ಪರವಾನಗಿದಾರರು ಖುದ್ದು ಕೆಲಸ ಮಾಡುತ್ತಿದ್ದಾರೆ. ಒಪ್ಪಿಗೆ ಇರುವುದು ಕಂಡುಬಂದಿಲ್ಲ. ವರ್ಗಾವಣೆ ತಿರಸ್ಕರಿಸಿದೆ.

ಹೋಗುವಾಗ ಬಾಗಿಲಲ್ಲಿ ನಿಂತು ಅವರು ದೊಡ್ಡಮ್ಮನಿಗೆ ಸಣ್ಣಗೆ ತಲೆಬಾಗಿದರು. ತಲೆ ಎತ್ತಿದವರು ತಮ್ಮ ಮುಖವನ್ನು ಅವಸರವಾಗಿ ಸರಿಮಾಡಿಕೊಂಡದ್ದನ್ನು ನಾನು ನೋಡಿದೆ. ಆ ಕಿಂಡಿಯ ಎದುರು ಇನ್ನೊಂದು ನಿಮಿಷ ನಿಲ್ಲುವ ಧೈರ್ಯ ಅವರಿಗೂ ಇರಲಿಲ್ಲ.

ಸಂಜೆಯೇ ಎರಡನೆಯ ಫೋಟೊವನ್ನು ದೊಡ್ಡದಾಗಿ ಅಚ್ಚು ಹಾಕಿಸಿದೆ. ಚೌಕಟ್ಟು ಹೇಗೂ ಇತ್ತು. ಒಳಗಿನ ಎರಡು ಮಚ್ಚೆಯ ನಗುವನ್ನು ಹೊರಗೆಳೆದು ಇದನ್ನು ಕೂರಿಸುವಾಗ, ತುದಿಯಲ್ಲಿದ್ದ ನನ್ನನ್ನು ಕತ್ತರಿಸಿದರೆ ಅಳತೆಗೆ ಇನ್ನೂ ಚೆನ್ನಾಗಿ ಕೂರುತ್ತದೆ ಎಂದು ತೋಚಿ ಕತ್ತರಿ ತೆಗೆದುಕೊಂಡೆ. ದೊಡ್ಡಮ್ಮ ಕೋಲಿನಿಂದ ನನ್ನ ಮಣಿಕಟ್ಟಿಗೆ ಒಂದು ಏಟು ಕೊಟ್ಟಳು. ಕತ್ತರಿ ಕೆಳಗಿಟ್ಟೆ.

ಈಗ ಬಂದವರೆಲ್ಲ ಮೊದಲು ನೋಡುವುದು ಅದನ್ನೇ. ನೋಡಿ, "ಇವರೆಲ್ಲ ಯಾರು?" ಎನ್ನುತ್ತಾರೆ. ಪಕ್ಕದಲ್ಲೇ ಕಂಪ್ಯೂಟರಿನ ಮುಂದೆ ಕೂತ ಚಿಕ್ಕ ಮಾವ ಪರದೆಯಿಂದ ತಲೆ ಎತ್ತುವುದಿಲ್ಲ. ಅವನ ಪಾಲಿನ ಮುಖಕ್ಕೆ ಒಂದಿಷ್ಟು ಟಚಿಂಗ್ ಮಾಡಿಕೊಳ್ಳಲು ಬಿಡು ಎಂದು ಎರಡು ಸಲ ನನ್ನನ್ನು ಕೇಳಿದ್ದಾನೆ.

ದೊಡ್ಡ ಮಾವ ಮೂರು ವಾರ ಈ ಕಡೆ ತಲೆ ಹಾಕಲಿಲ್ಲ. ನಿನ್ನೆ ಬಂದವರು ಗೋಡೆಗೆ ಬೆನ್ನು ಮಾಡಿ ಕೂತರು, ಟೀ ಕುಡಿದರು, ಏಳುವಾಗ ತಡೆಯಲಾಗದೆ ಕೇಳಿಯೇಬಿಟ್ಟರು.

"ಅಕ್ಕಾ, ಅದನ್ನ ಅಲ್ಲಿಂದ ತೆಗೆಸಿಬಿಡ್ಲಾ?"

"ಹೂಂ" ಎಂದಳು ದೊಡ್ಡಮ್ಮ.

ದೊಡ್ಡ ಮಾವ ಗೆದ್ದವರಂತೆ ನನ್ನ ಕಡೆ ತಿರುಗಿದರು. ನಾನು ಅವರನ್ನು ನೋಡುತ್ತಿರಲಿಲ್ಲ. ದೊಡ್ಡಮ್ಮನ ಬಲತುಟಿಯ ಮೂಲೆ, ಎಡಗಡೆಗಿಂತ ಕೊಂಚ ತಡವಾಗಿ, ಏಳತೊಡಗಿತ್ತು. ಎದ್ದು, ಅಲ್ಲೇ ನಿಂತಿತು. ಬಹಳ ಹೊತ್ತು ಇಳಿಯಲಿಲ್ಲ.

ಫೋಟೊ ಅಲ್ಲೇ ಇದೆ.